ಟ್ರೈ-ಆಂಗ್ ಎಕ್ಸ್‌04 ಮೋಟಾರಿಗೆ ಹೊಸ ಬ್ರಷ್: ನನ್ನ ಅನುಭವ

ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ ತಯಾರಾದ ಟ್ರೈ-ಆಂಗ್ ಆಟಿಕೆ ರೈಲು ಎಂಜಿನ್‌ಗಳಲ್ಲಿ ಬಹುಪಾಲಿಗೆ ಎಕ್ಸ್‌04 ಎಂಬ 12 ವೋಲ್ಟಿನ ಡಿ.ಸಿ. ಮೋಟಾರೇ ಜೀವ. ಬ್ರಷ್ ಅಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು. ಅದನ್ನು ಬದಲಿಸುವುದು ಐದು ನಿಮಿಷದ ಕೆಲಸ. ಕೆಡುವುದೆಲ್ಲ ಅದರ ಆಸುಪಾಸಿನಲ್ಲಿ.

ಮೊದಲು ಬ್ರಷ್ ನಿಜವಾಗಿ ಸವೆದಿದೆಯೇ ನೋಡುತ್ತೇನೆ. ಸ್ಪ್ರಿಂಗಿನ ತೋಳು ಹಿತ್ತಾಳೆಯ ಹಿಡಿಕೆಗೇ ತಾಗಿ ನಿಂತಿದ್ದರೆ ಬ್ರಷ್‌ ಮೇಲೆ ಒತ್ತಡ ಉಳಿದಿಲ್ಲ ಎಂದರ್ಥ. ಒಂದು ಮಾತ್ರ ಸವೆದಿದ್ದರೂ ಜೋಡಿಯನ್ನೇ ಬದಲಿಸಬೇಕು. ಮಿಕ್ಸಿ ರಿಪೇರಿ ಅಂಗಡಿಯ ಬ್ರಷ್ ತಂದು ಅರೆದು ಕೂರಿಸುವವರಿದ್ದಾರೆ. ಅದು ಮನೆಯ ಕರೆಂಟಿನ ಹೆಚ್ಚು ವೋಲ್ಟೇಜಿಗೆಂದು ಮಾಡಿದ ಗಟ್ಟಿ ಕಾರ್ಬನ್, 12 ವೋಲ್ಟಿಗೆ ಹೊಂದುವುದಿಲ್ಲ.

ಎರಡೂ ಬ್ರಷ್‌ಗಳನ್ನು ಒತ್ತುವುದು ಒಂದೇ ತಂತಿಯ ಸ್ಪ್ರಿಂಗು. ಬಿಚ್ಚುವಾಗ ಅದರ ಮೇಲೊಂದು ಬೆರಳಿಟ್ಟಿರಬೇಕು, ಇಲ್ಲದಿದ್ದರೆ ಹಾರಿಹೋಗುತ್ತದೆ. ಅದರ ಒಂದು ತೋಳಿಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ಹಾಕಿರುತ್ತಾರೆ. ಒಂದು ಬ್ರಷ್‌ಗೆ ಕರೆಂಟು ಚಾಸಿಯಿಂದ (ಎಂಜಿನ್ನಿನ ಲೋಹದ ಚೌಕಟ್ಟು), ಇನ್ನೊಂದಕ್ಕೆ ವೈರಿನಿಂದ ಬರುವುದರಿಂದ ವೈರಿನ ಕಡೆಯ ತೋಳಿಗೆ ಆ ಕೊಳವೆ ಇರಲೇಬೇಕು. ಬಿಟ್ಟರೆ ನೇರ ಶಾರ್ಟ್. ಕೊಳವೆ ಬಿರುಕು ಬಿಟ್ಟಿದ್ದರೆ ತೆಳು ವೈರಿನ ಸಿಪ್ಪೆ ಎಳೆದು ಅದನ್ನೇ ತೊಡಿಸುತ್ತೇನೆ.

ಹಳೆಯ ಬ್ರಷ್ ಹೊರಗಿರುವಾಗಲೇ ಕಮ್ಯುಟೇಟರ್, ಅಂದರೆ ಬ್ರಷ್ ಉಜ್ಜುತ್ತಾ ಇರುವ ತಿರುಗುವ ತಾಮ್ರದ ಭಾಗ, ಸ್ವಚ್ಛ ಮಾಡಿಬಿಡುವುದು ಒಳ್ಳೆಯದು. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಮೂರು ತುಂಡುಗಳ ನಡುವಿನ ಸಂದುಗಳಲ್ಲಿ ಕೂತ ಮಸಿಯನ್ನು ಹಲ್ಲುಕಡ್ಡಿಯಿಂದ ಕೆದಕಿ ತೆಗೆಯಬೇಕು. ಎಣ್ಣೆ ಬೆರೆತ ಕಾರ್ಬನ್ ಪುಡಿಯೇ ಅಲ್ಲಿ ವಿದ್ಯುತ್ ಹರಿಸಿ ಮೋಟಾರನ್ನು ಬಿಸಿ ಮಾಡುತ್ತದೆ. ಉಕ್ಕಿನ ನಾರು ಬೇಡವೇ ಬೇಡ, ಚೂರುಗಳೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆ. ಅಯಸ್ಕಾಂತವನ್ನೂ ಬಿಚ್ಚಬೇಡಿ; ಹೊರತೆಗೆದರೆ ಅದರ ಬಲ ಕುಂದುತ್ತದೆ, ಆಮೇಲೆ ಎಂಜಿನ್ ನಿಧಾನವಾಗುವ ಬದಲು ಹೆಚ್ಚು ಕರೆಂಟು ಎಳೆದು ಓಡುತ್ತದೆ, ಬಿಸಿಯಾಗುತ್ತದೆ, ಎಳೆಯುವ ಶಕ್ತಿ ಇರುವುದಿಲ್ಲ.

ಕಮ್ಯುಟೇಟರಿನ ಅಕ್ಕಪಕ್ಕದ ತುಂಡುಗಳ ನಡುವೆ ಮಲ್ಟಿಮೀಟರ್ ಇಟ್ಟು ರೋಧದ (ಓಮ್) ಮೂರು ಅಳತೆ ತೆಗೆಯಿರಿ. ಮೂರೂ ಸಮವಿರಬೇಕು. ಒಂದು ಬೇರೆಯಾದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಸುರುಳಿ ಕೆಟ್ಟಿದೆ, ಹೊಸ ಬ್ರಷ್ ಹಾಕಿ ಪ್ರಯೋಜನವಿಲ್ಲ.

ಹೊಸ ಬ್ರಷ್ ಹಿಡಿಕೆಯಲ್ಲಿ ಸಲೀಸಾಗಿ ಜಾರಬೇಕು. ಕೂರಿಸಿದ ಮೇಲೆ ವೈರಿನ ಕಡೆಯ ಬ್ರಷ್ ಮತ್ತು ಕಮ್ಯುಟೇಟರ್ ನಡುವೆ ಕಾಗದದ ಚೂರು ತೂರಿಸಿ, ಆ ಬ್ರಷ್‌ನಿಂದ ಚಾಸಿಗೆ ಮೀಟರ್ ಹಿಡಿಯುತ್ತೇನೆ. ಬೀಪ್ ಬಂದರೆ ಕೊಳವೆ ಸರಿ ಕೂತಿಲ್ಲ. ಕಾಗದವಿಲ್ಲದೆ ನೋಡಿದರೆ ಆರ್ಮೇಚರ್ ಮೂಲಕವೇ ದಾರಿ ಸಿಗುವುದರಿಂದ ಆ ಪರೀಕ್ಷೆಗೆ ಅರ್ಥವಿಲ್ಲ.

ಸ್ಪ್ರಿಂಗು ಸಡಿಲವಾದರೆ ಕಿಡಿ ಹಾರುತ್ತದೆ. ಹಾಗೆಂದು ಬಗ್ಗಿಸಿ ಬಿಗಿ ಮಾಡಿದರೆ ಕಮ್ಯುಟೇಟರ್‌ನಲ್ಲಿ ಗೀರು ಬೀಳುತ್ತದೆ. ಒಮ್ಮೆ ಕಾದು ಮೆತ್ತಗಾದ ಸ್ಪ್ರಿಂಗನ್ನು ಬದಲಿಸುವುದೇ ವಾಸಿ.

ಬೇರಿಂಗಿಗೆ ಸೂಜಿಮೊನೆಯಷ್ಟು ಎಣ್ಣೆ ಸಾಕು. ಆಮೇಲೆ 6 ವೋಲ್ಟಿನಲ್ಲಿ ಭಾರವಿಲ್ಲದೆ ಎರಡೂ ದಿಕ್ಕಿಗೆ ಹದಿನೈದು ಹದಿನೈದು ನಿಮಿಷ ಓಡಿಸುತ್ತೇನೆ. ಬ್ರಷ್ ತುದಿ ಕಮ್ಯುಟೇಟರ್ ಬಾಗಿಗೆ ಹೊಂದುವವರೆಗೆ ಸ್ವಲ್ಪ ಕಿಡಿ ಸಹಜ. ಆಮೇಲೂ ಭಾರವಿಲ್ಲದೆ ಅರ್ಧ ಆಂಪಿಯರ್ ದಾಟುತ್ತಿದ್ದರೆ ಸಂದುಗಳನ್ನು ಇನ್ನೊಮ್ಮೆ ಕೆದಕುತ್ತೇನೆ.