ಒಂದು ಹೊಂಗೆ ಮರ, ದಿನಕ್ಕೆ ಇಪ್ಪತ್ತು ನಿಮಿಷ

ಬೆಳಿಗ್ಗೆ ಹೊರಗೆ ಕೂತರೆ ಮನಸ್ಸು ಹಗುರಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಕೂರಬೇಕು, ಎಷ್ಟು ಹೊತ್ತು, ಕೂತು ಏನು ಮಾಡಬೇಕು ಅನ್ನುವುದನ್ನು ಬಿಡಿಸಿ ಹೇಳುವವರು ಕಡಿಮೆ. ಬೆಂಗಳೂರಿನ ಬಡಾವಣೆಯೊಂದರ ಪಾರ್ಕಿನಲ್ಲಿ ನಾನು ಪಾಲಿಸುವ ಕ್ರಮ ಇದು: ಒಂದೇ ಮರ, ಒಂದೇ ಜಾಗ, ವಾರಕ್ಕೆ ಆರು ದಿನ, ದಿನಕ್ಕೆ 20 ನಿಮಿಷ.

ಒಟ್ಟು 120 ನಿಮಿಷ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಂದ ಅಂಕಿ ಅದು. ವಾರದಲ್ಲಿ ಅಷ್ಟು ಹೊತ್ತಾದರೂ ಹಸಿರಿನ ನಡುವೆ ಇದ್ದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದದ್ದು ಹೆಚ್ಚು. ಒಂದೇ ಸಲ ಹೋದರೂ ಬಿಡಿಬಿಡಿಯಾಗಿ ಹೋದರೂ ವ್ಯತ್ಯಾಸ ಕಾಣಲಿಲ್ಲ. ಹೊರಗೆ ಹೋದದ್ದರಿಂದ ನೆಮ್ಮದಿ ಬಂತೋ, ನೆಮ್ಮದಿ ಇದ್ದವರೇ ಹೊರಗೆ ಹೋದರೋ ಎಂಬುದು ಆ ಲೆಕ್ಕದಿಂದ ಗೊತ್ತಾಗುವುದಿಲ್ಲ. ಹಾಗಾಗಿ ಇದು ಮಾತ್ರೆಯ ಡೋಸ್ ಅಲ್ಲ. 110 ಆದರೆ ಯಾರೂ ದಂಡ ಹಾಕುವುದಿಲ್ಲ.

ಜಾಗ ಮನೆಯಿಂದ ಐದು ನಿಮಿಷದ ನಡಿಗೆಯೊಳಗೆ ಇರಬೇಕು. ಭಾನುವಾರ ಲಾಲ್‌ಬಾಗಿಗೆ ಹೋಗುವ ಸುಖವೇ ಬೇರೆ, ಆದರೆ ಅದು ಮಂಗಳವಾರ ಕೈಗೆ ಸಿಗುವುದಿಲ್ಲ.

ಮರದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗೆಲ್, ಒಂದು ಜಾತಿಯ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಅರಳುವ ಹಾಗೆ ಊರಿನ ರಸ್ತೆಗಳಿಗೆ ಮರ ಹೊಂದಿಸಿದರು. ಊರು ಸುತ್ತುವವರಿಗೆ ಅದು ಹಬ್ಬ, ಒಂದೇ ಮರದ ಮುಂದೆ ಕೂರುವವರಿಗೆ ಅಲ್ಲ. ಹಳದಿ ಟಬೂಬಿಯಾ ಕೆಲವೇ ದಿನ ಕಣ್ಣು ಕೋರೈಸಿ ಆಮೇಲೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಹೊಂಗೆ ಹಾಗಲ್ಲ. ಚಳಿ ಮುಗಿಯುವಾಗ ಎಲೆ ಉದುರಿಸುತ್ತದೆ, ಯುಗಾದಿಯ ಆಸುಪಾಸಿಗೆ ಎಣ್ಣೆ ಸವರಿದಂಥ ಎಳೆಹಸಿರು. ಬೇಸಿಗೆಯಲ್ಲಿ ನಸುನೇರಳೆ ಹೂ, ಜೇನ್ನೊಣದ ಮೊರೆತ, ನೆಲದ ಮೇಲೆ ಹೂವಿನ ಹಾಸು. ಆಮೇಲೆ ಚಪ್ಪಟೆ ಕಾಯಿ. ಎಲೆಗಳ ಮೇಲೆ ನುಸಿ ಎಬ್ಬಿಸಿದ ಗಂಟುಗಳನ್ನು ಎಣಿಸುತ್ತಾ ಕೂರಲೂಬಹುದು. ಮರಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ.

ಬುಡದಲ್ಲಿ ಕೂರಬೇಡಿ. ಹೊಂಗೆಯ ನೆರಳು ತಾಯಿಯ ಮಡಿಲು ಅನ್ನುವುದು ಮಧ್ಯಾಹ್ನದ ಬಿಸಿಲಿಗೆ ಹೇಳಿದ ಮಾತು. ಬೆಳಿಗ್ಗೆ ಬುಡದಲ್ಲಿ ಸಿಗುವುದು ಇರುವೆ, ಹಕ್ಕಿಯ ಹಿಕ್ಕೆ, ತಲೆಯೆತ್ತಿ ಎತ್ತಿ ಕತ್ತುನೋವು. ಕಾಂಡದಿಂದ ಹತ್ತು ಹನ್ನೆರಡು ಹೆಜ್ಜೆ ಪೂರ್ವಕ್ಕೆ ಸರಿದು ಮರದ ಕಡೆ ಮುಖ ಮಾಡಿ ಕೂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಎಲೆಯೂ ಹಕ್ಕಿಯ ಬಣ್ಣವೂ ಬೆಳಕಿನಲ್ಲಿರುತ್ತವೆ. ಸೂರ್ಯನಿಗೆ ಮುಖ ಮಾಡಿ ಕೂತರೆ ಎಲ್ಲ ಹಕ್ಕಿಯೂ ಕಾಗೆಯಂತೆ ಕಪ್ಪು.

ಸಮಯವನ್ನು ಗಡಿಯಾರಕ್ಕೆ ಕಟ್ಟಬೇಡಿ. ಬೆಂಗಳೂರಿನಲ್ಲಿ ಜೂನ್ ಆರಂಭದಲ್ಲಿ ಸೂರ್ಯ 5:55ರ ಸುಮಾರಿಗೆ ಹುಟ್ಟಿದರೆ, ಜನವರಿ ಕೊನೆಗೆ 6:45 ದಾಟುತ್ತದೆ. ಹುಟ್ಟಿದ ಅರ್ಧ ಗಂಟೆಗೆ ಕೂರುವುದು ನನ್ನ ಲೆಕ್ಕ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ಮೈಯೊಳಗಿನ ಗಡಿಯಾರ ಅದನ್ನೇ ನೋಡಿ ಹೊಂದಿಕೊಳ್ಳುವುದರಿಂದ ರಾತ್ರಿಯ ನಿದ್ದೆಗೂ ಅನುಕೂಲ. ಸೊಳ್ಳೆಗೆ ತುಂಬುತೋಳಿನ ಅಂಗಿ, ಕಾಲುಚೀಲ.

ಮೊದಲ ಏಳೆಂಟು ನಿಮಿಷ ಏನೂ ನಡೆಯುವುದಿಲ್ಲ, ಇದು ಗೊತ್ತಿರಬೇಕು. ನೀವು ಬಂದ ಸದ್ದಿಗೆ ಮರ ಖಾಲಿಯಾಗಿರುತ್ತದೆ, ತಲೆ ಮಾತ್ರ ಕರೆಂಟ್ ಬಿಲ್ಲು, ನಿನ್ನೆಯ ಜಗಳಗಳಿಂದ ತುಂಬಿರುತ್ತದೆ. ಅಳಿಲು ಮೊದಲು ವಾಪಸ್ಸಾಗುತ್ತದೆ, ಅದರ ಹಿಂದೆ ಪಿಕಳಾರ, ಹೂವಿದ್ದರೆ ಸೂರಕ್ಕಿ. ಬಹಳಷ್ಟು ಜನ ಏಳುವುದು ಸರಿಯಾಗಿ ಆರನೇ ನಿಮಿಷಕ್ಕೆ.

ಫೋನು ಮನೆಯಲ್ಲಿರಲಿ, ಕೈಗಡಿಯಾರ ಸಾಕು. ಹಕ್ಕಿ ಗುರುತಿಸುವ ಆ್ಯಪ್ ಒಳ್ಳೆಯದೇ, ಆದರೆ ಹೆಸರು ಸಿಕ್ಕ ಕ್ಷಣ ಕಿವಿ ಮುಚ್ಚಿಕೊಳ್ಳುತ್ತದೆ. ‘ಕುಟ್ರೂ ಕುಟ್ರೂ’ ಎಂದು ಕೂಗಿದ್ದು ಯಾವ ಕೊಂಬೆಯಿಂದ, ಎಷ್ಟು ಸಲ, ಅದಕ್ಕೆ ಉತ್ತರ ಎಲ್ಲಿಂದ ಬಂತು ಎಂದು ಮೊದಲು ಕೇಳಿಸಿಕೊಳ್ಳಿ. ಹೆಸರನ್ನು ಮನೆಗೆ ಬಂದು ಹುಡುಕಬಹುದು.

ಜೇಬಿನ ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ಮಳೆಹನಿಗೆ ಹರಡುತ್ತದೆ). ಏಳುವ ಮುಂಚೆ ಮೂರು ಸಾಲು: ಕಂಡದ್ದು, ಕೇಳಿದ್ದು, ನಿನ್ನೆಗಿಂತ ಬದಲಾದದ್ದು. ‘ಚೆನ್ನಾಗಿತ್ತು’, ‘ಮನಸ್ಸು ಶಾಂತವಾಯಿತು’ ಇವೆರಡಕ್ಕೂ ನನ್ನ ಪುಸ್ತಕದಲ್ಲಿ ಜಾಗವಿಲ್ಲ. ಶಾಂತಿಯನ್ನು ಬರೆಯಲು ಹೊರಟರೆ ಕೂತಷ್ಟು ಹೊತ್ತೂ ‘ಬಂತಾ, ಇನ್ನೂ ಬರಲಿಲ್ಲವಾ’ ಎಂದು ಒಳಗೇ ಇಣುಕುತ್ತಿರುತ್ತೇವೆ, ಹಾಲು ಉಕ್ಕಿತೇ ಎಂದು ಕಾಯುವ ಹಾಗೆ. ‘ಎಡಗಡೆ ಕೊಂಬೆಯಲ್ಲಿ ಮೂರು ಹೊಸ ಚಿಗುರು, ತುದಿ ಕೆಂಪು’ ಎಂದು ಬರೆಯಬೇಕಾದರೆ ಕಣ್ಣು ಹೊರಗೇ ಇರಬೇಕು. ತಲೆಯೊಳಗಿನ ಜಗಳಕ್ಕೆ ಅಷ್ಟು ಹೊತ್ತು ಕೇಳುವವರಿರುವುದಿಲ್ಲ. ಈ ಕ್ರಮದಲ್ಲಿ ಕೆಲಸ ಮಾಡುವುದು ಅದೊಂದೇ ಅಂತ ನನ್ನ ಅಂದಾಜು.

ಬರೆದದ್ದನ್ನು ದಿನಾ ತಿರುವಿ ಹಾಕಬೇಡಿ. ನಾನು ಮಳೆ ನಕ್ಷತ್ರದ ಲೆಕ್ಕ ಇಟ್ಟುಕೊಂಡಿದ್ದೇನೆ: ಭರಣಿ, ಕೃತ್ತಿಕೆ, ರೋಹಿಣಿ, ಒಂದೊಂದಕ್ಕೂ 13–14 ದಿನ. ನಕ್ಷತ್ರ ಬದಲಾದ ದಿನ ಹಿಂದಿನ ಹಾಳೆಗಳನ್ನು ಓದುತ್ತೇನೆ. ಆಗ ಒಂದು ವಿಷಯ ಎದ್ದು ಕಾಣುತ್ತದೆ: ದಿನ ಕೆಟ್ಟದಾಗಿತ್ತು ಎಂದು ನೆನಪಿರುವ ತಾರೀಕಿನಲ್ಲೂ ಮೂರು ಸಾಲು ಇದ್ದೇ ಇರುತ್ತವೆ.

ಎರಡು ವಾರ ಕಳೆದರೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮರದ ಮುಂದೆ ಕೂತು ಕಾಯಬೇಡಿ, ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮಳೆ ಜೋರಾಗಿದ್ದರೆ ಪಾರ್ಕಿಗೆ ಹೋಗದೆ ಜಗಲಿಯಲ್ಲೋ ಬಾಲ್ಕನಿಯಲ್ಲೋ ಕೂತು ‘ಕೇಳಿದ್ದು’ ಒಂದನ್ನೇ ಬರೆದರಾಯಿತು. ಗುಡುಗು ಮಿಂಚಿದ್ದಾಗ ಮರದ ಹತ್ತಿರ ಸುಳಿಯಲೇಬಾರದು. ಇನ್ನು ಮಳೆಗಾಲಕ್ಕೆ ಮುಂಚೆ ತಂತಿಗೆ ತಗಲುತ್ತದೆಂದು ಕೊಂಬೆ ಸವರಿ ಹೋಗುತ್ತಾರೆ, ಮರ ಬೋಳಾಗಿ ನಿಲ್ಲುತ್ತದೆ. ಬೇರೆ ಮರ ಹುಡುಕಬೇಕು ಅನ್ನಿಸುವುದು ಆಗಲೇ. ಜಾಗ ಬಿಡಬೇಡಿ. ಹೊಂಗೆ ಕಡಿದಲ್ಲಿಂದ ಬೇಗ ಚಿಗುರೊಡೆಯುವ ಮರ. ಗಾಯದ ಅಂಚನ್ನು ದಿನಾ ನೋಡುತ್ತಿದ್ದರೆ ಮೊದಲ ಚಿಗುರು ಯಾವ ತಾರೀಕಿಗೆ ಬಂತು ಎಂಬುದೂ ಪುಸ್ತಕಕ್ಕೆ ಸೇರುತ್ತದೆ.