ರಸ್ತೆ ದಾಟಲು ಅಪ್ಪನಿಗೆ 18 ಸೆಕೆಂಡು

ಅಪ್ಪ ಮೈಸೂರಿನಿಂದ ಏಪ್ರಿಲ್‌ನಲ್ಲಿ ಬಂದು ಅಕ್ಟೋಬರ್‌ ಹೊತ್ತಿಗೆ ಹೊರಟುಬಿಡುತ್ತಾರೆ. ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿರುವ ನಮ್ಮ ಮನೆಯಲ್ಲಿ ಇರುವಷ್ಟು ದಿನವೂ ಅವರಿಗೆ ಕುಕ್ಕರಹಳ್ಳಿ ಕೆರೆ ಏರಿಯ ಕೊರತೆ ತುಂಬುವುದು ಡಬ್ಲ್ಯು ಅಂಡ್ ಓಡಿ ಟ್ರೇಲ್. ಶರ್ಲಿಂಗ್ಟನ್‌ನಿಂದ ಪರ್ಸೆಲ್‌ವಿಲ್‌ವರೆಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಇರುವ 45 ಮೈಲಿ ಉದ್ದದ ಡಾಂಬರು ದಾರಿ. 1968ರಲ್ಲಿ ನಿಂತುಹೋದ ರೈಲುಮಾರ್ಗದ ಜಾಗದಲ್ಲೇ ಇದನ್ನು ಹಾಸಿದರು, ಪೂರ್ತಿಯಾದದ್ದು 1988ರಲ್ಲಿ.

ರೈಲು ಓಡುತ್ತಿದ್ದ ಕಾಲದಲ್ಲಿ ಅದು ಬಂದರೆ ರಸ್ತೆಯವರು ನಿಲ್ಲಬೇಕಿತ್ತು. ಈಗ ಅನೇಕ ಕಡೆ ಸ್ಟಾಪ್ ಫಲಕವನ್ನು ನಮ್ಮ ಮುಖಕ್ಕೆ ನಿಲ್ಲಿಸಿದ್ದಾರೆ. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಅದು ರಸ್ತೆಯನ್ನು ಎಲ್ಲೆಂದರಲ್ಲಿ, ಕೆಲವೊಮ್ಮೆ ಓರೆಯಾಗಿ, ಸಿಗ್ನಲ್ಲಿನಿಂದ ದೂರದಲ್ಲಿ ಕತ್ತರಿಸುತ್ತದೆ. ಅಲ್ಲಿ ಮನುಷ್ಯರು ಇರಬಹುದೆಂದು ಚಾಲಕನಿಗೆ ಹೊಳೆಯುವುದೇ ಇಲ್ಲ.

ನಿಮ್ಮ ಊರಿನಲ್ಲೂ ಇಂಥ ಜಾಗವಿದ್ದರೆ ಮೊದಲು ಗಡಿಯಾರ ಹಿಡಿಯಿರಿ, ದೂರು ಆಮೇಲೆ. ನಾನು ಮಾಡಿದ್ದು ತಿರುವುಮುರುವು. “ಯಾರಾದರೂ ಸಾಯುವ ತನಕ ಕಾಯುತ್ತೀರಾ” ಎಂದು ಎರಡು ಪುಟ ಬರೆದು ಕಳುಹಿಸಿದೆ, ಅದನ್ನೂ ಸಂಬಂಧವೇ ಇಲ್ಲದ ಕಚೇರಿಗೆ. ಬಂದ ಉತ್ತರ ಬಹಳ ಸೌಜನ್ಯದ್ದು, ಆದರೆ ಕೆಲಸಕ್ಕೆ ಬಾರದ್ದು. ತಪ್ಪು ನನ್ನದೇ. ನನ್ನ ಕೋಪವನ್ನು ಇಟ್ಟುಕೊಂಡು ಅವರಾದರೂ ಏನು ಮಾಡಬೇಕಿತ್ತು?

ಅಳೆಯುವುದು ಹೀಗೆ. ಮನೆ ಮುಂದಿನ ಕಾಂಕ್ರೀಟಿನ ಮೇಲೆ 30 ಅಡಿ ದೂರಕ್ಕೆ ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದು, ಅಪ್ಪನನ್ನು ಅವರ ಎಂದಿನ ನಡಿಗೆಯಲ್ಲೇ ನಡೆಯಲು ಹೇಳಿದೆ. ಮೊದಲ ಸಲ ಮಗಳು ಪರೀಕ್ಷೆ ಮಾಡುತ್ತಿದ್ದಾಳೆಂದು ಬಿರಬಿರನೆ ನಡೆದುಬಿಟ್ಟರು; ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲ 11 ಸೆಕೆಂಡು. ಅಂದರೆ ಸೆಕೆಂಡಿಗೆ 2.7 ಅಡಿ. ಇಲ್ಲಿನ ಎಂಜಿನಿಯರುಗಳು ಸಿಗ್ನಲ್ ಹೊಂದಿಸುವಾಗ ಸಾಮಾನ್ಯವಾಗಿ ಹಿಡಿಯುವ ವೇಗ 3.5 ಅಡಿ. ಆ ಲೆಕ್ಕದ ಮನುಷ್ಯನಿಗೆ ಮಂಡಿನೋವಿರುವುದಿಲ್ಲ.

ಟ್ರೇಲಿನಲ್ಲಿ ನಾವು ದಾಟುವ ರಸ್ತೆಗೆ 12 ಅಡಿಯ ನಾಲ್ಕು ಪಥ, ಒಟ್ಟು 48 ಅಡಿ. ಅಪ್ಪನಿಗೆ ಬೇಕಾದದ್ದು 18 ಸೆಕೆಂಡು. ಗಂಟೆಗೆ 45 ಮೈಲಿ ವೇಗದ ಕಾರು ಸೆಕೆಂಡಿಗೆ 66 ಅಡಿ ಓಡುತ್ತದೆ, 18 ಸೆಕೆಂಡಿನಲ್ಲಿ ಹೆಚ್ಚುಕಡಿಮೆ 1,200 ಅಡಿ. ಆದರೆ ಎಡಗಡೆ ರಸ್ತೆ ತಿರುಗುವಲ್ಲಿ ಪೊದೆ ಬೆಳೆದು, ನಿಂತಲ್ಲಿಂದ ಕಾಣುವುದೇ 600 ಅಡಿ. ಅಪ್ಪ ಎಡಕ್ಕೆ ಬಲಕ್ಕೆ ನೋಡಿ, ಖಾಲಿಯಿದೆ ಎಂದು ಖಚಿತಪಡಿಸಿಕೊಂಡು ಕಾಲಿಟ್ಟರೂ, ಆಗ ಕಣ್ಣಿಗೇ ಬೀಳದಿದ್ದ ಕಾರು ಒಂಬತ್ತೇ ಸೆಕೆಂಡಿನಲ್ಲಿ ಎದುರಿಗಿರುತ್ತದೆ. ಅಷ್ಟರಲ್ಲಿ ಅವರು ನಡುರಸ್ತೆಯಲ್ಲಿರುತ್ತಾರೆ. “ನೋಡಿಕೊಂಡು ದಾಟಿ” ಎಂದು ಬುದ್ಧಿ ಹೇಳುವವರ ಮುಂದೆ ಈ ಲೆಕ್ಕ ಇಡಿ.

ಇನ್ನೊಂದನ್ನು ಚಾಲಕನ ಕಡೆಯಿಂದ ನೋಡಬೇಕು. 45 ಮೈಲಿ ವೇಗದ ಕಾರಿಗೆ, ಚಾಲಕ ಕಂಡು ಬ್ರೇಕ್ ಒತ್ತಿ ನಿಲ್ಲಿಸಲು, ಎಂಜಿನಿಯರುಗಳ ಕೋಷ್ಟಕದ ಪ್ರಕಾರ 360 ಅಡಿ ಬೇಕು. ಅಷ್ಟು ದೂರ ಹಿಂದೆ ಹೋಗಿ, ಕಾರಿನ ಸೀಟಿನ ಎತ್ತರಕ್ಕೆ ಬಗ್ಗಿ, ಟ್ರೇಲಿನ ತುದಿಯಲ್ಲಿ ನಿಂತವರು ಕಾಣುತ್ತಾರೆಯೇ ನೋಡಿ. ನಮ್ಮಲ್ಲಿ ಅಪ್ಪನ ಬಿಳಿ ಟೋಪಿ ಮಾತ್ರ ಕಂಡಿತು. ಸೈಕಲ್ಲಿನ ಮೇಲೆ ನಿಂತ ಮಗ ಕಾಣಲೇ ಇಲ್ಲ. ಫೋಟೊ ತೆಗೆದಿಟ್ಟುಕೊಳ್ಳಿ, ಇದಕ್ಕಿಂತ ಚೆನ್ನಾಗಿ ವಾದಿಸುವ ವಕೀಲ ಸಿಗುವುದಿಲ್ಲ.

ನಾಲ್ಕು ಪಥದ ರಸ್ತೆಯಲ್ಲಿ ನನಗೆ ಎಲ್ಲಕ್ಕಿಂತ ಭಯ ಒಳ್ಳೆಯವರದ್ದು. ಹತ್ತಿರದ ಪಥದಲ್ಲಿ ಎತ್ತರದ ವ್ಯಾನೊಂದು ನಿಲ್ಲುತ್ತದೆ, ಒಳಗಿರುವವರು ನಗುತ್ತಾ “ಹೋಗಿ ಹೋಗಿ” ಎಂದು ಕೈ ಬೀಸುತ್ತಾರೆ. ಅವರ ಮರ್ಯಾದೆಗೆ ಕಟ್ಟುಬಿದ್ದು ನಾವು ನಡೆಯುತ್ತೇವೆ. ಪಕ್ಕದ ಪಥದಲ್ಲಿ ಬರುವವನಿಗೆ ವ್ಯಾನಿನ ಮರೆಯಲ್ಲಿರುವ ನಾವು ಕಾಣುವುದಿಲ್ಲ, ನಮಗೆ ಅವನು ಕಾಣುವುದಿಲ್ಲ. ದಾಟುವ ಜಾಗದಲ್ಲಿ ನಿಂತ ವಾಹನವನ್ನು ಹಿಂದಿಕ್ಕುವುದು ವರ್ಜೀನಿಯಾದಲ್ಲಿ ಕಾನೂನುಬಾಹಿರ ಎಂಬುದೇನೋ ನಿಜ. ಹಾಗೆಂದು ನಂಬಿ ಮುಂದೆ ಹೋಗಬೇಡಿ. ವ್ಯಾನಿನ ಮೂತಿಯ ಸಾಲಿಗೆ ಬಂದು ನಿಂತು, ಇಣುಕಿ, ಆಮೇಲೆ ಎರಡನೆಯ ಪಥಕ್ಕೆ ಕಾಲಿಡಿ. ಸೈಕಲ್ಲಿನವರು ಇಳಿದು ತಳ್ಳಿದರೆ ಒಳ್ಳೆಯದು. ಇಣುಕಲು ಬೇಕಾದ ಆ ಒಂದು ಕ್ಷಣ ಸೀಟಿನ ಮೇಲೆ ಕೂತವರಿಗೆ ಸಿಗುವುದಿಲ್ಲ. ಇದಕ್ಕೆ ಅಗ್ಗದ ಪರಿಹಾರವೂ ಇದೆ: ವಾಹನಗಳು ನಿಲ್ಲಬೇಕಾದ ಗೆರೆಯನ್ನು ಜನ ದಾಟುವ ಜೀಬ್ರಾ ಪಟ್ಟೆಗಿಂತ 20ರಿಂದ 50 ಅಡಿ ಹಿಂದಕ್ಕೆ ಬಳಿಯುವುದು. ವ್ಯಾನು ಹಿಂದೆ ನಿಂತರೆ ಮರೆಯೇ ಇರುವುದಿಲ್ಲ.

ಇನ್ನು ಏನು ಕೇಳಬೇಕು ಎಂಬ ವಿಷಯ. ಬರೀ ಜೀಬ್ರಾ ಪಟ್ಟೆ ಕೇಳಬೇಡಿ. ನಡುವೆ ಕಟ್ಟೆಯಿಲ್ಲದ, ದಿನಕ್ಕೆ 12,000ಕ್ಕಿಂತ ಹೆಚ್ಚು ವಾಹನ ಓಡುವ ಬಹುಪಥದ ರಸ್ತೆಗಳಲ್ಲಿ, ಬೇರೇನೂ ಮಾಡದೆ ಪಟ್ಟೆ ಮಾತ್ರ ಬಳಿದ ಕಡೆ ಅಪಘಾತ ಹೆಚ್ಚು ಎಂದು ಅಮೆರಿಕದ ಕೇಂದ್ರ ಹೆದ್ದಾರಿ ಇಲಾಖೆಯೇ 2005ರಲ್ಲಿ ಪ್ರಕಟಿಸಿದೆ. ನನ್ನ ಮೊದಲ ಆಯ್ಕೆ ರಸ್ತೆ ನಡುವೆ ನಿಂತು ಉಸಿರಾಡಲು ಒಂದು ಕಟ್ಟೆ. 18 ಸೆಕೆಂಡು ಒಂಬತ್ತು ಒಂಬತ್ತಾಗಿ ಒಡೆಯುತ್ತದೆ, ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ಅದರ ಅಗಲ ಕನಿಷ್ಠ ಒಂದು ಸೈಕಲ್ಲಿನ ಉದ್ದವಾದರೂ ಇರಲಿ, ಇಲ್ಲವಾದರೆ ಹಿಂದಿನ ಚಕ್ರ ರಸ್ತೆಯಲ್ಲೇ ಉಳಿಯುತ್ತದೆ. ಜೊತೆಗೆ ಗುಂಡಿ ಒತ್ತಿದರೆ ಮಿಣಮಿಣ ಹೊಡೆಯುವ ಹಳದಿ ದೀಪ. ವೇಗ ಇನ್ನೂ ಹೆಚ್ಚಿದ್ದರೆ ಕೆಂಪು ದೀಪವೇ ಬರುವ, ಇಲ್ಲಿನವರು ಹಾಕ್ ಎನ್ನುವ ಸಿಗ್ನಲ್. ಸೇತುವೆಯ ಕನಸು ಎಲ್ಲರಿಗೂ ಇರುತ್ತದೆ. ಈಸ್ಟ್ ಫಾಲ್ಸ್ ಚರ್ಚ್ ಬಳಿ ಇದೇ ಟ್ರೇಲಿಗೆ ಕಟ್ಟಿಯೂ ಇದ್ದಾರೆ. ಆದರೆ ಸೇತುವೆಗೆ ವರ್ಷಗಟ್ಟಲೆ ಕಾಯಬೇಕು. ಪೊದೆ ಕಡಿಯಲು ಒಂದು ಬೆಳಗ್ಗೆ ಸಾಕು.

ಯಾರಿಗೆ ಬರೆಯಬೇಕೆಂದು ಮೊದಲು ತಿಳಿದುಕೊಳ್ಳಿ. ಈ ಟ್ರೇಲು ನೋವಾ ಪಾರ್ಕ್ಸ್‌ ಎಂಬ ಪ್ರಾದೇಶಿಕ ಉದ್ಯಾನ ಪ್ರಾಧಿಕಾರದ್ದು. ಅದು ಕತ್ತರಿಸುವ ರಸ್ತೆ ಹೆಚ್ಚಿನ ಕಡೆ ರಾಜ್ಯ ಸಾರಿಗೆ ಇಲಾಖೆಯದು, ಹರ್ನ್ಡನ್, ವಿಯೆನ್ನಾಗಳಂಥ ಪಟ್ಟಣಗಳ ಒಳಗೆ ಪಟ್ಟಣದ್ದು, ಆರ್ಲಿಂಗ್ಟನ್‌ನಲ್ಲಿ ಕೌಂಟಿಯದು. ಪೊದೆ ಯಾರ ಜಾಗದಲ್ಲಿದೆ ಎಂಬುದೂ ಬೇರೆಯೇ ಪ್ರಶ್ನೆ. ಎಲ್ಲರಿಗೂ ಒಂದೇ ಪತ್ರ, ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಕಾಣುವಂತೆ.

ನನ್ನ ಎರಡನೆಯ ಪತ್ರ ಅರ್ಧ ಪುಟ. ಶನಿವಾರ ಬೆಳಗ್ಗೆ ಒಂದು ಗಂಟೆಯಲ್ಲಿ ಎಷ್ಟು ಜನ ದಾಟಿದರು, ಎಷ್ಟು ಸೈಕಲ್ಲು, ಎಷ್ಟು ಕಾರು ನಿಂತವು, ದಾಟಲು ಎಷ್ಟು ಸೆಕೆಂಡು ಬೇಕು, ಎಷ್ಟು ಅಡಿ ಕಾಣುತ್ತದೆ, ಎರಡು ಫೋಟೊ. ಬೇಡಿಕೆ ಮೂರೇ: ಪೊದೆ ಕಡಿಸಿ, ನಿಲ್ಲುವ ಗೆರೆ ಹಿಂದಕ್ಕೆ ಹಾಕಿಸಿ, ನಡುವೆ ಕಟ್ಟೆ ಕಟ್ಟಿಸಿ. ಅಕ್ಕಪಕ್ಕದ ಏಳು ಮನೆಯವರು ಸಹಿ ಹಾಕಿದರು.

ಮೂರೇ ವಾರದಲ್ಲಿ ಪೊದೆ ಹೋಯಿತು. ಗೆರೆ, ಕಟ್ಟೆ ಇನ್ನೂ ಕಾಗದದ ಮೇಲಿವೆ. ಅಲ್ಲಿಯವರೆಗೆ ಅಪ್ಪ ಸುತ್ತುಬಳಸಿ ಸಿಗ್ನಲ್ಲಿಗೆ ಹೋಗಿ ದಾಟುತ್ತಾರೆ, ಗೊಣಗುತ್ತಲೇ. ಕಡಿಸಿದ ಪೊದೆ ವಸಂತದಲ್ಲಿ ಮತ್ತೆ ಚಿಗುರುತ್ತದೆ. ಏಪ್ರಿಲ್ ಕೊನೆಗೆ ಇನ್ನೊಮ್ಮೆ ಫೋನ್ ಮಾಡಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.