ಹಾರ್ಡ್ ಡಿಸ್ಕ್ ಹೋದ ಲ್ಯಾಪ್‌ಟಾಪ್, ಕಿಸೆದಾಗಿನ ಪೆನ್‌ಡ್ರೈವ್ – ನನ್ನ ಅನುಭವ

ನಾ ಧಾರವಾಡದ ಸಪ್ತಾಪುರದಾಗ ಪಿಜಿಯೊಳಗ ಇದ್ದು ಎಕ್ಸಾಂಗೆ ಓದಾಕತ್ತೀನಿ, ಊರು ಗದಗ ಕಡೆ. ನಮ್ಮಣ್ಣ ಡಿಗ್ರಿ ಓದೂಮುಂದ ತಗೊಂಡಿದ್ದ ಲ್ಯಾಪ್‌ಟಾಪ್ ನಂಗ ಕೊಟ್ಟಾನ, 2 ಜಿಬಿ ರ‍್ಯಾಮ್, ವಿಂಡೋಸ್ 7, ಬ್ಯಾಟರಿ ಸತ್ತು ಭಾಳ ದಿನಾ ಆಗೇತಿ, ಚಾರ್ಜರ್ ಹಚ್ಚಿದ್ರಷ್ಟ ಚಾಲೂ ಆಗ್ತೈತಿ. ಹೋದ ಮಳಿಗಾಲದಾಗ ಒಂದಿನ ಮುಂಜಾನೆ ಆನ್ ಮಾಡಿದ್ರ ಒಳಗಿಂದ ಖಟ್... ಖಟ್... ಅಂತ ಸಪ್ಪಳ, ಗೋಡಿಗೆ ಯಾರೋ ಸಣ್ಣ ಮೊಳಿ ಬಡದಂಗ, ಆಮ್ಯಾಲೆ ಕರಿ ಸ್ಕ್ರೀನು, ಡಿಸ್ಕ್ ಇಲ್ಲ ಅಂತ ಒಂದು ಲೈನು. ಅಂಗಡಿಗೆ ಒಯ್ದು ತೋರ್ಸಿದ್ರ ಅವ್ರು ಕಿವಿ ಹಚ್ಚಿ ಕೇಳಿ "ಡಿಸ್ಕ್ ಹೋಗೇತ್ರಿ ಅಕ್ಕಾರ, ಎಸ್‌ಎಸ್‌ಡಿ ಹಾಕಸ್ರಿ, ಇಲ್ಲಂದ್ರ ಹೊಸಾದು ತಗೋರಿ" ಅಂದ್ರು. ಎರಡಕ್ಕೂ ಆವಾಗ ರೊಕ್ಕ ಇರಲಿಲ್ಲ, ಮೆಸ್ಸಿನ ಬಿಲ್ ಕಟ್ಟೂದಿತ್ತು.

ರಾತ್ರಿ ಅಣ್ಣಗ ಫೋನ್ ಮಾಡಿದ್ನಿ. ಅಂವ ಹೇಳಿದ್ದು ಒಂದ ಮಾತು, "ತಂಗಿ, ಡಿಸ್ಕ್ ಹೋಗೇತಿ ಅಷ್ಟ, ಪ್ರೊಸೆಸರ್ ಐತಿ, ರ‍್ಯಾಮ್ ಐತಿ, ಸ್ಕ್ರೀನ್ ಐತಿ, ಪೆನ್‌ಡ್ರೈವ್‌ದಿಂದ ಲಿನಕ್ಸ್ ನಡಸು." ಲಿನಕ್ಸ್ ಅಂದ್ರ ವಿಂಡೋಸ್ ಇದ್ದಂಗ ಕಂಪ್ಯೂಟರ್ ನಡಸೂ ಇನ್ನೊಂದು ಸಿಸ್ಟಮ್, ಹೆಸರು ಕೇಳಿದ್ನಿ, ಮುಟ್ಟಿರಲಿಲ್ಲ. ಅಲ್ಲಿಂದ ಹತ್ತು ದಿನಾ ನಾ ಏನೇನ್ ಮಾಡಿದ್ನಿ, ಎಲ್ಲಿ ಎಡವಿದ್ನಿ ಅದನ್ನೆಲ್ಲಾ ಬರೀತೀನಿ, ಯಾಕಂದ್ರ ಇಂಥಾ ಲ್ಯಾಪ್‌ಟಾಪ್ ಭಾಳ ಮಂದಿ ಮನ್ಯಾಗ ಅಟ್ಟದ ಮ್ಯಾಲೆ ಅದಾವು.

ಮೊದಲ ಪೆನ್‌ಡ್ರೈವ್ ಮಾತು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಬಜಾರದಾಗ ರಸ್ತೆ ಬದಿ ಒಂದು 64 ಜಿಬಿದು ತಗೊಂಡ್ನಿ, ಭಾಳ ಅಗ್ಗ ಇತ್ತು. ಗೆಳತಿ ಕಂಪ್ಯೂಟರಿಗೆ ಹಚ್ಚಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೂ ಸಣ್ಣ ಪ್ರೋಗ್ರಾಂ ಓಡಿಸಿದ್ನಿ, ಅದು ಪೆನ್‌ಡ್ರೈವ್ ತುಂಬ ಡೇಟಾ ಬರದು ಮತ್ತ ತಿರುಗಿ ಓದಿ ನೋಡ್ತೈತಿ. ಖರೆ ಜಾಗಾ 8 ಜಿಬಿ ಅಷ್ಟ ಐತಿ ಅಂತ ತೋರಿಸ್ತು. ಇಂಥಾ ಡುಪ್ಲಿಕೇಟ್ ಪೆನ್‌ಡ್ರೈವ್ ಒಳಗಿನ ಚಿಪ್ ಕಂಪ್ಯೂಟರಿಗೆ 64 ಅಂತ ಸುಳ್ಳ ಹೇಳ್ತೈತಿ, 8 ದಾಟಿದ ಮ್ಯಾಲೆ ಬರದಿದ್ದೆಲ್ಲಾ ಹಾಳಾಗ್ತೈತಿ. ಇದರ ಮ್ಯಾಲೆ ಸಿಸ್ಟಮ್ ಹಾಕಿದ್ರ ಒಂದ ವಾರದಾಗ ಕುಸೀತಿತ್ತು. ಆಮ್ಯಾಲೆ ಬಿಲ್ ಕೊಡೂ ಅಂಗಡ್ಯಾಗ 32 ಜಿಬಿದು ಒಳ್ಳೆ ಕಂಪನಿದು ತಗೊಂಡ್ನಿ. ಟೆಸ್ಟ್ ಮಾಡದ ಯಾವ ಪೆನ್‌ಡ್ರೈವ್‌ನೂ ಈ ಕೆಲಸಕ್ಕ ಬಳಸಬ್ಯಾಡ್ರಿ.

ಲಿನಕ್ಸಿನ್ಯಾಗ ಭಾಳ ನಮೂನಿ ಅದಾವು, ಯಾವ್ದು ಹಾಕೂದು ಅನ್ನೂದಕ್ಕ ಎರಡು ದಿನಾ ಹೋತು. ಉಬುಂಟು ಕಡಿಮಿ ಅಂದ್ರೂ 4 ಜಿಬಿ ರ‍್ಯಾಮ್ ಕೇಳ್ತೈತಿ, ನಂದು 2. ಆ್ಯಂಟಿಎಕ್ಸ್ ಚಲೋ ಐತಿ ಅಂದ್ರು, ಅದೂ ಹಗುರ. ನಾ ಪಪ್ಪಿ ಲಿನಕ್ಸ್ ಆರಿಸ್ಕೊಂಡ್ನಿ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ ಅನ್ನೂವರು 2003ರಾಗ ಚಾಲೂ ಮಾಡಿದ್ದು, ಹಳೇ ಕಂಪ್ಯೂಟರಿಗಂತನ ಮಾಡಿದ್ದು. ಪಪ್ಪಿಯೊಳಗ ಬ್ಯಾರೆ ಬ್ಯಾರೆ ಅದಾವು, ನಾ ಹಾಕಿದ್ದು ಡೆಬಿಯನ್ 12 ಅನ್ನೂ ಇನ್ನೊಂದು ಲಿನಕ್ಸಿನ ಪ್ಯಾಕೇಜ್ (ತಯಾರ್ ಪ್ರೋಗ್ರಾಂ) ಮ್ಯಾಲೆ ಕಟ್ಟಿದ ಬುಕ್‌ವರ್ಮ್‌ಪಪ್ 64 ಬಿಟ್. ನಂಗ ಹಿಡಿಸಿದ್ದು ಅದು ಕೆಲಸ ಮಾಡೂ ರೀತಿ. ಇಡೀ ಸಿಸ್ಟಮ್ ಒಂದು ದೊಡ್ಡ ಕಂಪ್ರೆಸ್ ಮಾಡಿದ ಫೈಲಿನ್ಯಾಗ ಇರ್ತೈತಿ, ಅದನ್ನ ಯಾರೂ ತಿದ್ದಂಗಿಲ್ಲ. ನಾವು ಮಾಡೂ ಬದಲಾವಣೆ ಎಲ್ಲಾ ಅದರ ಮ್ಯಾಲೆ ಬ್ಯಾರೆ ಪದರದಾಗ ಕುಂದರ್ತಾವು, ನಕ್ಷೆ ಮ್ಯಾಲೆ ಟ್ರೇಸಿಂಗ್ ಪೇಪರ್ ಇಟ್ಟು ಬರದಂಗ.

ಇನ್ನ ಹಾಕೂದು. ಗೆಳತಿ ಕಂಪ್ಯೂಟರಿನ್ಯಾಗ ರೂಫಸ್ ಅನ್ನೂ, ಸಿಸ್ಟಮ್ಮನ್ನ ಪೆನ್‌ಡ್ರೈವಿಗೆ ಹಾಕೂ ಪ್ರೋಗ್ರಾಂ ಓಡಿಸಿ ಪಪ್ಪಿಯ ಇಡೀ ಸಿಡಿ ನಕಲು ಇರೂ ಐಎಸ್‌ಓ ಫೈಲ್ ಕೊಟ್ನಿ. ಐಎಸ್‌ಓ ಮೋಡೋ ಡಿಡಿ ಮೋಡೋ ಅಂತ ಕೇಳ್ತು, ನಾ ಡಿಡಿ ಒತ್ತಿದ್ನಿ. ಬೂಟ್ ಆತು (ಸಿಸ್ಟಮ್ ಚಾಲೂ ಆತು) ಖರೆ, ಆದ್ರ ಶಟ್‌ಡೌನ್ ಮಾಡೂಮುಂದ ಸೇವ್ ಮಾಡಾಕ ಆ ಪೆನ್‌ಡ್ರೈವ್‌ನಾಗ ಜಾಗಾನ ತೋರಿಸಲಿಲ್ಲ. ಡಿಡಿ ಮೋಡ್ ಅಂದ್ರ ಸಿಡಿ ಹೆಂಗಿರ್ತೈತೋ ಹಂಗ ಅಚ್ಚು ಹೊಡಿಯೂದು, ಅದನ್ನ ಓದಾಕಷ್ಟ ಬರ್ತೈತಿ, ಬರಿಯಾಕ ಬರೂದಿಲ್ಲ. ಇದು ತಿಳ್ಯಾಕ ಒಂದು ಸಂಜಿ ಹೋತು.

ಕಡೀಗೆ ಸರಿ ಹೋದ ದಾರಿ ಅಂದ್ರ ಎರಡು ಪೆನ್‌ಡ್ರೈವ್. ಹಳೇ 4 ಜಿಬಿದಕ್ಕ ರೂಫಸ್‌ದಿಂದ ಹಾಕಿ ಲ್ಯಾಪ್‌ಟಾಪ್ ಬೂಟ್ ಮಾಡಿದ್ನಿ, ಒಳಗ ಹೋದ ಮ್ಯಾಲೆ 32ರದನ್ನ ಇನ್ನೊಂದು ಪೋರ್ಟಿಗೆ ಹಚ್ಚಿ ಡ್ರೈವ್ ಭಾಗ ಮಾಡೂ ಜಿಪಾರ್ಟೆಡ್ ತಗದು ಎರಡು ಭಾಗ (ಪಾರ್ಟಿಶನ್) ಮಾಡಿದ್ನಿ, ಎರಡಕ್ಕೂ ಫೈಲ್ ಇಡೂ ಪದ್ಧತಿ ಬ್ಯಾರೆ ಬ್ಯಾರೆ, ಮುಂದ 1 ಜಿಬಿ ಫ್ಯಾಟ್32, ಉಳಿದಿದ್ದೆಲ್ಲಾ ಇಎಕ್ಸ್‌ಟಿ4. ಫ್ಯಾಟ್32 ಯಾಕಂದ್ರ ಯುಇಎಫ್‌ಐ ಅನ್ನೂ ಬೂಟ್ ಪದ್ಧತಿ ಇರೂ ಹೊಸಾ ಲ್ಯಾಪ್‌ಟಾಪ್ ಬೂಟ್ ಫೈಲನ್ನ ಅದರಾಗಿಂದನ ಓದ್ತಾವು. ಇಎಕ್ಸ್‌ಟಿ4 ಯಾಕಂದ್ರ ಫ್ಯಾಟ್32ದಾಗ ಒಂದು ಫೈಲ್ 4 ಜಿಬಿ ದಾಟಂಗಿಲ್ಲ, ನಮ್ಮ ಬದಲಾವಣೆ ಕೂಡಿಡಾಕ ಅಲ್ಲಿ ಸೇವ್ ಫೈಲ್ ಅಂತ ಅಳತಿ ಮಾಡಿದ ಡಬ್ಬಿನ ಮಾಡ್ಬೇಕು, ಇಎಕ್ಸ್‌ಟಿ4ದಾಗ ಸೇವ್ ಫೋಲ್ಡರ್ ಮಾಡಿದ್ರ ಜಾಗಾ ಇದ್ದಷ್ಟೂ ಬೆಳೀತೈತಿ. ಆಮ್ಯಾಲೆ ಪಪ್ಪಿಯೊಳಗ ಇರೂ ಫ್ರುಗಲ್‌ಪಪ್ ಅನ್ನೂ ಇನ್‌ಸ್ಟಾಲರ್ ಓಡಿಸಿ ಸಿಸ್ಟಮ್ ಫೈಲನ್ನ ಎರಡನೇ ಭಾಗಕ್ಕ, ಸಿಸ್ಟಮ್ ಎಬ್ಬಿಸೂ ಬೂಟ್‌ಲೋಡರನ್ನ ಫ್ಯಾಟ್32 ಭಾಗಕ್ಕ ಹಾಕಿದ್ನಿ. ಇಲ್ಲಿ ಒಂದ ಎಚ್ಚರಿಕಿ, ಯಾವ ಡ್ರೈವ್ ಯಾವ್ದು ಅಂತ ಅಳತಿ ನೋಡಿ ಎರಡು ಸಲ ಖಾತ್ರಿ ಮಾಡ್ಕೋರಿ, ಡಿಸ್ಕ್ ಇರೂ ಕಂಪ್ಯೂಟರ್ ಆದ್ರ ತಪ್ಪಿ ಅದನ್ನ ಅಳಿಸಿಬಿಡಬಹುದು.

ಯಾವ ಡ್ರೈವ್‌ದಿಂದ ಚಾಲೂ ಮಾಡೂದು ಅಂತ ಆರಿಸೂ ಬೂಟ್ ಮೆನು ಬಟನ್ ಕಂಪನಿಗೊಂದು ಇರ್ತೈತಿ, ಎಫ್12, ಎಫ್9, ಎಸ್ಕೇಪ್, ಒಂದೊಂದ ಒತ್ತಿ ನೋಡ್ರಿ.

ಮೊದಲನೇ ಬೂಟಿಗೆ ಐದು ನಿಮಿಷದ ಮ್ಯಾಲೆ ಹಿಡೀತು, ನಂಗ ಅಳು ಬರೂದೊಂದ ಬಾಕಿ. ಕಾರಣ ಆ ಕೆಟ್ಟ ಡಿಸ್ಕ್. ಸಿಸ್ಟಮ್ ಏಳೂಮುಂದ ಎಲ್ಲಾ ಡ್ರೈವ್ ಮಾತಾಡಿಸ್ತೈತಿ, ಈ ಡಿಸ್ಕ್ ಉತ್ತರ ಕೊಡೂದಿಲ್ಲ, ಅದು ಕಾಯ್ತೈತಿ, ಮತ್ತ ಕೇಳ್ತೈತಿ, ಮತ್ತ ಕಾಯ್ತೈತಿ. ಲ್ಯಾಪ್‌ಟಾಪ್ ಬೋರಲ ಹಾಕಿ ಎರಡು ಸ್ಕ್ರೂ ಬಿಚ್ಚಿ ಡಿಸ್ಕ್ ಜಗ್ಗಿ ತಗದ್ನಿ. ಆ ಖಟ್ ಖಟ್ ನಿಂತು ರೂಮ್ ಒಮ್ಮೆ ಸುಮ್ಮಾತು. ಮತ್ತ ಆನ್ ಮಾಡಿದ್ರ ಪೆನ್‌ಡ್ರೈವ್ ತುದ್ಯಾಗಿನ ಸಣ್ಣ ಲೈಟ್ ಪಟಪಟ ಹೊಡ್ಕೊಂತ ಒಂದೂವರಿ ನಿಮಿಷದಾಗ ಡೆಸ್ಕ್‌ಟಾಪ್ ಬಂತು. ಯುಎಸ್‌ಬಿ 2.0 ಪೋರ್ಟಿಗೆ ಇದು ಚಲೋನ ಸ್ಪೀಡು.

ಒಂದು ಸೆಟ್ಟಿಂಗ್ ಬದಲಿ ಮಾಡಿದ್ನಿ. ಪಪ್ಪಿ ಜಾಗಾ ಇದ್ರ ಇಡೀ ಸಿಸ್ಟಮ್ ಫೈಲನ್ನ ರ‍್ಯಾಮಿಗೆ ಎತ್ತಿಕೊಂತೈತಿ, ಅದಕ್ಕ ಭಾಳ ಫಾಸ್ಟ್ ಅನಸ್ತೈತಿ, ಆದ್ರ 2 ಜಿಬಿಯೊಳಗ ಅದ ಕುಂತ್ರ ಬ್ರೌಸರಿಗೆ ಏನ್ ಉಳೀತು? ಪೆನ್‌ಡ್ರೈವ್‌ನಾಗಿನ ಬೂಟ್‌ಲೋಡರ್ ಮೆನು ಲೈನಿನ್ಯಾಗ ಪಿಫಿಕ್ಸ್=ನೋಕಾಪಿ (pfix=nocopy) ಅಂತ ಸೇರಿಸಿದ್ರ ಫೈಲ್ ಪೆನ್‌ಡ್ರೈವ್‌ನಾಗ ಇದ್ದು ಬೇಕಾದಷ್ಟ ಓದ್ತೈತಿ. ಈಗ ನಾಕೈದು ಟ್ಯಾಬ್ ತಗದು ಮಾಕ್ ಟೆಸ್ಟ್ ಬರೀಬಹುದು. ಹಂಗಾದ್ರ ನಡುವ ಪೆನ್‌ಡ್ರೈವ್ ಕೀಳಂಗಿಲ್ಲ, ಅದು ಮೊದಲನೇ ಮಾತು.

ಕನ್ನಡಕ್ಕ ಬಂದ್ರ ಡೆಬಿಯನ್‌ದಾಗ ಫಾಂಟ್ಸ್-ಕೆಎನ್‌ಡಿಎ (fonts-knda) ಅಂತ ಒಂದ ಪ್ಯಾಕೇಜ್ ಐತಿ, ಪ್ಯಾಕೇಜ್ ಹಾಕೂ ಪ್ರೋಗ್ರಾಂ ಸಿನಾಪ್ಟಿಕ್‌ದಾಗ ಹುಡುಕಿ ಹಾಕಿದ್ರ ಗುಬ್ಬಿ, ನವಿಲು, ಲೋಹಿತ್ ಫಾಂಟ್ ಕೂಡೇ ಬರ್ತಾವು. ಟೈಪ್ ಮಾಡಾಕ ಸೆಟ್‌ಎಕ್ಸ್‌ಕೆಬಿಮ್ಯಾಪ್ (setxkbmap) ಕಮಾಂಡಿಗೆ ಇಂಗ್ಲಿಷ್ ಲೇಔಟ್ ಜೋಡಿ ಇಂಡಿಯಾ ಲೇಔಟ್, ಅದರೊಳಗ ಕನ್-ಕಗಪ (kan-kagapa) ಅನ್ನೂ ವೇರಿಯಂಟ್ ಕೊಟ್ರ ನಮ್ಮ ಕ.ಗ.ಪ (ಕನ್ನಡ ಗಣಕ ಪರಿಷತ್) ಕೀಬೋರ್ಡ್ ಬರ್ತೈತಿ, ಆಲ್ಟ್ ಶಿಫ್ಟ್ ಆಪ್ಶನ್ನೂ ಸೇರಿಸಿದ್ರ ಅವೆರಡು ಒತ್ತಿ ಇಂಗ್ಲಿಷಿಗೆ ಹೊಳ್ಳಿ ಬರಬಹುದು. ಆ ಲೈನನ್ನ ಒಂದು ಫೈಲಿನ್ಯಾಗ ಬರದು ಸ್ಟಾರ್ಟಪ್ ಫೋಲ್ಡರಿನ್ಯಾಗ ಇಟ್ಟೀನಿ. ಮೊದಲನೇ ಸಲ ಆ ಸ್ಕ್ರೀನ್ ಮ್ಯಾಲೆ "ಗದಗ" ಅಂತ ಟೈಪ್ ಮಾಡಿದ್ದು ನೆನಪೈತಿ. ಹಳೇ ನುಡಿ ಫಾಂಟಿನ್ಯಾಗ ಮಾಡಿದ ವರ್ಡ್ ಫೈಲ್ ಮಾತ್ರ ಇಂಗ್ಲಿಷ್ ಅಕ್ಷರದ ಕಸ ಆಗಿ ಕಾಣಸ್ತಿದ್ವು, ಅವು ಯೂನಿಕೋಡ್ ಅಲ್ಲ. ಆ ನುಡಿ ಫಾಂಟ್ ಫೈಲನ್ನ ಫಾಂಟ್ ಫೋಲ್ಡರಿಗೆ ಕಾಪಿ ಮಾಡಿದ ಮ್ಯಾಲೆ ಸರಿ ಹೋದ್ವು.

ಈಗ ನಂಗ ಭಾಳ ಬ್ಯಾಸರ ಆಗಿದ್ದ ದಿನದ ಮಾತು. ಎರಡನೇ ವಾರದಾಗ ಒಂದು ರಾತ್ರಿ ಭಾರತೀಯ ಸಂವಿಧಾನದ ನೋಟ್ಸ್ ಟೈಪ್ ಮಾಡಾಕತ್ತಿದ್ನಿ, ಮೂಲಭೂತ ಹಕ್ಕು ಮುಗಿಸಿ ರಾಜ್ಯನೀತಿ ನಿರ್ದೇಶಕ ತತ್ವಕ್ಕ ಬಂದಿದ್ನಿ, ಸುಮಾರು ಎರಡು ತಾಸಿನ ಕೆಲಸ, ನಡುನಡುವ ಕಂಟ್ರೋಲ್ ಎಸ್ ಒತ್ತಿಕೊಂತನ ಇದ್ನಿ. ಕರೆಂಟ್ ಹೋತು. ಬ್ಯಾಟರಿ ಇಲ್ಲ, ಲ್ಯಾಪ್‌ಟಾಪ್ ಅಲ್ಲೇ ಆರಿತು. ಕರೆಂಟ್ ಬಂದ ಮ್ಯಾಲೆ ನೋಡಿದ್ರ ಆ ಫೈಲ್ ಇಲ್ಲೇ ಇಲ್ಲ. ಸೇವ್ ಮಾಡಿದ್ನಲ್ಲಾ ಅಂತ ಹುಡುಕಿ ಹುಡುಕಿ ಸಾಕಾತು. ಆಮ್ಯಾಲೆ ತಿಳೀತು, ಪೆನ್‌ಡ್ರೈವ್ ಮ್ಯಾಲೆ ನಡಿಯೂಮುಂದ ಪಪ್ಪಿ ನಾವು ಸೇವ್ ಮಾಡಿದ್ದನ್ನೂ ಮೊದಲ ರ‍್ಯಾಮಿನ್ಯಾಗ ಇಡ್ತೈತಿ. ಫ್ಲ್ಯಾಶ್ ಮೆಮರಿ ಇಂತಿಷ್ಟ ಸಲ ಬರದ ಮ್ಯಾಲೆ ಸವೀತೈತಿ, ಅದಕ್ಕ ಪೆನ್‌ಡ್ರೈವ್ ಉಳಸಾಕ ಈ ಏರ್ಪಾಡು. 30 ನಿಮಿಷಕ್ಕೊಮ್ಮೆ, ಮತ್ತ ಶಟ್‌ಡೌನ್ ಮಾಡೂಮುಂದ, ಒಟ್ಟಿಗೆ ಕೆಳಗ ಇಳಸ್ತೈತಿ. ನಾ ಏನೂ ತಿಳೀದ ಹಿಂದಿನ ವಾರ ಪಪ್ಪಿಯ ಇವೆಂಟ್ ಮ್ಯಾನೇಜರ್ ಅನ್ನೂ ಸೆಟ್ಟಿಂಗಿನ್ಯಾಗ ಆ ಟೈಮನ್ನ ಸೊನ್ನಿ ಮಾಡಿಟ್ಟಿದ್ನಿ, ಸೇವ್ ಆಗೂಮುಂದ ಸ್ಲೋ ಆಗ್ತೈತಿ ಅಂತ. ಸೊನ್ನಿ ಅಂದ್ರ ನಡುವ ಯಾವಾಗ್ಲೂ ಸೇವ್ ಆಗೂದಿಲ್ಲ.

ಅವತ್ತಿಂದ ಎರಡು ರೂಢಿ ಮಾಡ್ಕೊಂಡೀನಿ. ಟೈಮ್ 15 ನಿಮಿಷ ಇಟ್ಟೀನಿ. ಮತ್ತ ನೋಟ್ಸ್ ಎಲ್ಲಾ ಎಂಎನ್‌ಟಿ ಫೋಲ್ಡರ್ ಒಳಗಿನ ಹೋಮ್ (/mnt/home) ಅನ್ನೂ ಜಾಗಾದಾಗ ಇಡ್ತೀನಿ, ಅದು ರ‍್ಯಾಮ್ ಅಲ್ಲ, ನೆಟ್ಟಗ ಪೆನ್‌ಡ್ರೈವ್ ಪಾರ್ಟಿಶನ್, ಅಲ್ಲಿ ಕಂಟ್ರೋಲ್ ಎಸ್ ಒತ್ತಿದ್ರ ಪೆನ್‌ಡ್ರೈವ್ ಲೈಟ್ ಹೊಡ್ಕೊಳ್ಳೂದು ಕಣ್ಣಿಗೆ ಕಾಣಸ್ತೈತಿ. ಈಗೂ ನಾ ಪ್ಯಾರಾ ಮುಗಿಸಿದಾಗೊಮ್ಮೆ ಆ ಲೈಟ್ ನೋಡ್ತೀನಿ.

ಬ್ಯಾಕಪ್ ಮರೀಬ್ಯಾಡ್ರಿ, ಪೆನ್‌ಡ್ರೈವ್ ಹೇಳದ ಕೇಳದ ಸಾಯ್ತಾವು. ಸೇವ್ ಫೋಲ್ಡರನ್ನ ಹಂಗ ಎತ್ತಿ ಫ್ಯಾಟ್32 ಪೆನ್‌ಡ್ರೈವಿಗೆ ಹಾಕಿದ್ರ ಒಳಗಿನ ಲಿಂಕ್ ಫೈಲ್ ಹಾಳಾಗ್ತಾವು, ಟಾರ್ ಅನ್ನೂ ಕಮಾಂಡ್‌ದಿಂದ ಎಲ್ಲಾ ಕಟ್ಟಿ ಒಂದ ಫೈಲ್ ಮಾಡಿ ಇಡಬೇಕು. ನಾ ಐತವಾರಕ್ಕೊಮ್ಮೆ ಮಾಡ್ತೀನಿ, ಬರೇ ನೋಟ್ಸ್ ಫೋನಿಗೂ ಹಾಕ್ತೀನಿ. ಮತ್ತ ಪಪ್ಪಿ ಎಲ್ಲಾ ಅಧಿಕಾರ ಇರೂ ರೂಟ್ ಯೂಸರ್ ಆಗೇ ನಡೀತೈತಿ, ಪಾಸ್‌ವರ್ಡ್ ಕೇಳೂದಿಲ್ಲ, ಪೆನ್‌ಡ್ರೈವ್ ಯಾರ ಕೈಗೆ ಸಿಕ್ಕ್ರೂ ಒಳಗಿಂದೆಲ್ಲಾ ಅವ್ರದ, ಅದಕ್ಕ ಬ್ಯಾಂಕಿನ ಕೆಲಸಾ ನಾ ಇದರಾಗ ಮಾಡೂದಿಲ್ಲ.

ರೂಮ್‌ಮೇಟ್ ಲ್ಯಾಪ್‌ಟಾಪ್ ವಿಂಡೋಸ್ 10ದು. 2025ರ ಅಕ್ಟೋಬರ್ 14ಕ್ಕ ಅದರ ಸಪೋರ್ಟ್ ಮುಗೀತು, 11 ಹಾಕಾಕ ಆ ಲ್ಯಾಪ್‌ಟಾಪ್ ಒಪ್ಪೂದಿಲ್ಲ. "ಅಕ್ಕಾ, ನಂದಕ್ಕೂ ಹಚ್ಚಿ ನೋಡೋಣಲಾ" ಅಂದ್ಲು. ಬಯಾಸ್‌ದಾಗ (ಚಾಲೂ ಆಗೂಮುಂದ ತಗಿಯೂ ಸೆಟ್ಟಿಂಗ್) ಹೊರಗಿನ ಸಿಸ್ಟಮ್ ತಡಿಯೂ ಸೆಕ್ಯೂರ್ ಬೂಟ್ ಆಫ್ ಮಾಡಿ ನನ್ನ ಪೆನ್‌ಡ್ರೈವ್ನ ಹಚ್ಚಿದ್ನಿ, ನನ್ನ ಡೆಸ್ಕ್‌ಟಾಪು, ನನ್ನ ನೋಟ್ಸು ಆಕಿ ಸ್ಕ್ರೀನ್ ಮ್ಯಾಲೆ ಬಂದ್ವು. ಆಕಿಗೂ ಒಂದು ಮಾಡಿಕೊಟ್ಟೀನಿ. ಆಕಿದು ಬ್ರಾಡ್‌ಕಾಮ್ ವೈಫೈ ಚಿಪ್, ಅದರ ಡ್ರೈವರ್ ಇನ್ನೂ ಕೂತಿಲ್ಲ, ಸದ್ಯಕ್ಕ ಫೋನ್ ಕೇಬಲ್ ಹಚ್ಚಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್) ಮ್ಯಾಲೆ ನಡಸಾಕತ್ತೀವಿ.